ಪ್ರೌಢಶಾಲೆಯ ಆಯ್ಕೆ: ಪ್ರಕಟಿತ ಅಂಕಿಗಳನ್ನು ಓದುವ ಬಗೆ

ಏಳನೆಯ ತರಗತಿಯ ಪರೀಕ್ಷೆ ಮುಗಿದ ಮನೆಗಳಲ್ಲಿ ಬೇಸಗೆಯ ರಜೆಯ ಜೊತೆಗೆ ಒಂದು ವಿಚಾರವೂ ಬಂದು ಕೂಡುತ್ತದೆ. ಹುಡುಗನನ್ನೋ ಹುಡುಗಿಯನ್ನೋ ಮುಂದೆ ಯಾವ ಪ್ರೌಢಶಾಲೆಗೆ ಸೇರಿಸತಕ್ಕದ್ದು? ಎಂಟು, ಒಂಬತ್ತು, ಹತ್ತು ಎಂಬ ಈ ಮೂರು ತರಗತಿಗಳ ಅವಧಿ ಚಿಕ್ಕದು. ಆದರೆ ಅದು ಕಳೆದ ಮೇಲೆ ಬರುವ ಎಸ್.ಎಸ್.ಎಲ್.ಸಿ. ಪರೀಕ್ಷೆಯ ಫಲವನ್ನನುಸರಿಸಿ ಮುಂದಿನ ದಾರಿಗಳು ತೆರೆಯುವುವು, ಇಲ್ಲವೆ ಮುಚ್ಚುವುವು. ಇಷ್ಟು ದೊಡ್ಡ ವಿಚಾರವನ್ನು ನಮ್ಮಲ್ಲಿ ಅನೇಕರು ನಿರ್ಧರಿಸುವುದು ಹೇಗೆ? ಪಕ್ಕದ ಮನೆಯವರ ಒಂದು ಮಾತು, ಬಂಧುಗಳ ಒಂದು ಸಲಹೆ, ಇವುಗಳ ಮೇಲೆ ಶಾಲೆಯ ಹೆಬ್ಬಾಗಿಲಿನಲ್ಲಿ ಕಟ್ಟಿದ, ನಗುಮುಖದ ಮಕ್ಕಳ ಭಾವಚಿತ್ರಗಳಿರುವ ಫಲಕ: "ನೂರಕ್ಕೆ ನೂರು ಫಲಿತಾಂಶ." ಸೀರೆಯನ್ನು ಕೊಳ್ಳುವಾಗ ಸೆರಗನ್ನೂ ಒಡಲನ್ನೂ ಬಿಚ್ಚಿ ಬೆಳಕಿಗೆ ಹಿಡಿದು ನೋಡುವ ನಾವು, ಶಾಲೆಯ ವಿಷಯದಲ್ಲಿ ಮಾತ್ರ ಮಡಿಕೆಯನ್ನು ಬಿಚ್ಚದೆಯೇ ಬೆಲೆ ಕೊಟ್ಟು ಬರುತ್ತೇವೆ.

ಬಿಚ್ಚಿ ನೋಡುವುದಕ್ಕೆ ಸಾಧನಗಳಿಲ್ಲವೆಂದಲ್ಲ. ನಮ್ಮ ದೇಶದ ಪ್ರತಿಯೊಂದು ಮಾನ್ಯತೆ ಪಡೆದ ಶಾಲೆಯ ವಿವರಗಳನ್ನೂ ಕೇಂದ್ರ ಶಿಕ್ಷಣ ಸಚಿವಾಲಯವು ವರ್ಷಕ್ಕೊಮ್ಮೆ ಸಂಗ್ರಹಿಸುತ್ತದೆ. ಈ ವ್ಯವಸ್ಥೆಗೆ ಯು-ಡೈಸ್ ಪ್ಲಸ್ ಎಂದು ಹೆಸರು. ಪ್ರತಿ ಶಾಲೆಗೂ 11 ಅಂಕೆಗಳ ಒಂದು ಸಂಖ್ಯೆಯುಂಟು. ಕರ್ನಾಟಕದ ಶಾಲೆಗಳ ಸಂಖ್ಯೆಯು 29 ಎಂದು ಮೊದಲಾಗುವುದು, ಅನಂತರದ ಅಂಕೆಗಳು ಜಿಲ್ಲೆ, ತಾಲ್ಲೂಕು, ಊರು, ಶಾಲೆ ಎಂಬ ಕ್ರಮದಲ್ಲಿ ಬರುವುವು. ಈ ಸಂಖ್ಯೆಯನ್ನೋ ಶಾಲೆಯ ಹೆಸರನ್ನೋ ಸಚಿವಾಲಯದ ಜಾಲತಾಣದಲ್ಲಿ ಕೊಟ್ಟರೆ ಆ ಶಾಲೆಯ ಪತ್ರಕವು ದೊರೆಯುತ್ತದೆ. ಶಾಲೆ ಯಾವ ವರ್ಷ ಸ್ಥಾಪಿತವಾಯಿತು, ಯಾರ ಆಡಳಿತಕ್ಕೆ ಸೇರಿದ್ದು, ಬೋಧನಾ ಮಾಧ್ಯಮ ಯಾವುದು, ಯಾವ ತರಗತಿಯಲ್ಲಿ ಎಷ್ಟು ಮಕ್ಕಳು, ಉಪಾಧ್ಯಾಯರೆಷ್ಟು, ಕೊಠಡಿಗಳೆಷ್ಟು, ಶೌಚಾಲಯಗಳೆಷ್ಟು ಎಂಬಿವೆಲ್ಲ ಅದರಲ್ಲಿವೆ. ಸಿ.ಬಿ.ಎಸ್.ಇ. ಮಂಡಲಿಗೆ ಸೇರಿದ ಶಾಲೆಗಳಾದರೆ ಇನ್ನೂ ಒಂದು ಅನುಕೂಲ. ಅವು ತಮ್ಮ ತಮ್ಮ ಜಾಲತಾಣದಲ್ಲಿ ಕಡ್ಡಾಯವಾಗಿ ಒಂದು ಪ್ರಕಟಣೆಯನ್ನು ಇಡಬೇಕೆಂದು ಮಂಡಲಿಯ ವಿಧಿಯಿದೆ. ಅದರಲ್ಲಿ ಕಟ್ಟಡದ ಭದ್ರತೆ, ಅಗ್ನಿಶಮನ, ಕುಡಿಯುವ ನೀರು ಇವುಗಳ ಪ್ರಮಾಣಪತ್ರಗಳೂ, ಶುಲ್ಕದ ವಿವರವೂ, ಹಿಂದಿನ ಮೂರು ವರ್ಷಗಳ ಪರೀಕ್ಷಾ ಫಲವೂ ಇರತಕ್ಕದ್ದು. ಅಲ್ಲಿ ಉತ್ತೀರ್ಣರ ಶೇಕಡಾವಾರು ಅಂಕಿಯ ಪಕ್ಕದಲ್ಲಿ, ಪರೀಕ್ಷೆಗೆ ಹೆಸರು ನೋಂದಾಯಿಸಿದ ಮಕ್ಕಳ ಸಂಖ್ಯೆಯನ್ನೂ ಕೊಡಬೇಕು. ಈ ಎರಡನೆಯ ಅಂಕಿಯನ್ನು ಹೆಚ್ಚಿನವರು ನೋಡುವುದೇ ಇಲ್ಲ. ನಮಗಾದರೋ ಮುಖ್ಯವಾದದ್ದು ಅದೇ.

ಏತಕ್ಕೆಂದರೆ, ಶೇಕಡಾ ಎಂಬುದು ಒಂದು ಭಾಗಾಕಾರದ ಉತ್ತರ. ಮೇಲಿನ ಸಂಖ್ಯೆ ಹೆಚ್ಚಿದರೂ ಉತ್ತರ ಹೆಚ್ಚುವುದು. ಕೆಳಗಿನ ಸಂಖ್ಯೆ ತಗ್ಗಿದರೂ ಉತ್ತರ ಹೆಚ್ಚುವುದು. ಫಲಕದ ಮೇಲೆ ಉತ್ತರ ಮಾತ್ರ ಇರುತ್ತದೆ. ಭಾಗಿಸಿದ ಸಂಖ್ಯೆ ಇರುವುದಿಲ್ಲ.

ಇದನ್ನು ಕಲ್ಪಿತವಾದ ಎರಡು ಶಾಲೆಗಳ ದೃಷ್ಟಾಂತದಿಂದ ವಿವರಿಸುವೆವು. 'ಕ' ಶಾಲೆಯ ಪತ್ರಕದಲ್ಲಿ ಎಂಟನೆಯ ತರಗತಿಯ ಮಕ್ಕಳು 96, ಒಂಬತ್ತನೆಯದರಲ್ಲಿ 104, ಹತ್ತನೆಯದರಲ್ಲಿ 61. ಪರೀಕ್ಷೆಗೆ ಕುಳಿತ 61 ಮಂದಿಯೂ ಉತ್ತೀರ್ಣರು. ಫಲಿತಾಂಶ ನೂರಕ್ಕೆ ನೂರು. 'ಖ' ಶಾಲೆಯಲ್ಲಿ ಕ್ರಮವಾಗಿ 88, 90, 87. ಕುಳಿತ 87 ಮಂದಿಯಲ್ಲಿ 80 ಮಂದಿ ಉತ್ತೀರ್ಣರು. ಫಲಿತಾಂಶ ನೂರಕ್ಕೆ 92. ಬೀದಿಯಲ್ಲಿ ನಿಂತು ಫಲಕವನ್ನು ಓದುವವರು 'ಕ' ಶಾಲೆಗೆ ಹೋಗುವರು. ಪತ್ರಕವನ್ನು ಓದಿದವರು ಮಾತ್ರ ಒಂದು ಪ್ರಶ್ನೆಯನ್ನು ಹಾಕುವರು: ಒಂಬತ್ತನೆಯ ತರಗತಿಯಲ್ಲಿ ಮಕ್ಕಳು ಅಷ್ಟು ಕಿಕ್ಕಿರಿದಿರುವುದೇಕೆ, ಹತ್ತನೆಯದರಲ್ಲಿ ಅಷ್ಟು ತೆಳುವಾಗಿರುವುದೇಕೆ?

ಉತ್ತರ ನಿರ್ದೋಷವಾದದ್ದೇ ಇರಬಹುದು. ತಂದೆಗೆ ವರ್ಗವಾಗಿ ಮನೆಯವರು ಬೇರೆ ಊರಿಗೆ ಹೋಗುವುದುಂಟು. ಶಾಲೆಯು ಹೊಸದಾಗಿ ಬೆಳೆಯುತ್ತಿದ್ದರೆ ಕೆಳಗಿನ ತರಗತಿಗಳು ತುಂಬಿ ಮೇಲಿನವು ತೆರವಾಗಿ ಕಾಣುವುದುಂಟು. ಆದರೆ ಇನ್ನೊಂದು ಉತ್ತರವೂ ಉಂಟು. ಅದನ್ನು ಊರೆಲ್ಲ ಬಲ್ಲದು, ಗಟ್ಟಿಯಾಗಿ ಹೇಳುವವರು ಕಡಿಮೆ. ಗಣಿತದಲ್ಲಿಯೋ ವಿಜ್ಞಾನದಲ್ಲಿಯೋ ಹಿಂದುಳಿದ ಮಗುವನ್ನು ಒಂಬತ್ತನೆಯ ತರಗತಿಯಲ್ಲಿ ನಿಲ್ಲಿಸಿಬಿಡುವುದು. ಅಥವಾ ತಾಯಿತಂದೆಗಳನ್ನು ಕರೆಸಿ "ವರ್ಗಾವಣೆ ಪತ್ರ ತೆಗೆದುಕೊಂಡು ಹೋಗುವುದು ಒಳ್ಳೆಯದು" ಎಂದು ಮೃದುವಾಗಿ ಹೇಳುವುದು. ಅಥವಾ ಮಗುವನ್ನು ಖಾಸಗಿ ಅಭ್ಯರ್ಥಿಯಾಗಿ ಪರೀಕ್ಷೆಗೆ ಕಟ್ಟಿಸುವುದು. ಖಾಸಗಿ ಅಭ್ಯರ್ಥಿಯ ಸೋಲು ಶಾಲೆಯ ಲೆಕ್ಕಕ್ಕೆ ಬಾರದು. ಹೀಗೆ ಪಡೆದ ನೂರಕ್ಕೆ ನೂರನ್ನು ನಾವು ಬೋಧನೆಯ ಫಲವೆನ್ನಲಾರೆವು. ಅದು ಜರಡಿ ಹಿಡಿದದ್ದರ ಫಲ. ಜರಡಿಯಿಂದ ಕೆಳಗೆ ಬಿದ್ದ ಮಕ್ಕಳು ಎಲ್ಲಿಗೆ ಹೋದರೆಂದು ಫಲಕವು ತಿಳಿಸುವುದಿಲ್ಲ. ನಮ್ಮ ಮಗು ಎಂದೆಂದಿಗೂ ಮೇಲಿನ ಸಾಲಿನಲ್ಲಿಯೇ ಇರುವುದೆಂದು ಯಾವ ತಾಯಿತಂದೆಗಳು ಬರೆದುಕೊಡಬಲ್ಲರು? ಹದಿನಾಲ್ಕನೆಯ ವಯಸ್ಸಿನಲ್ಲಿ ಒಂದು ದೀರ್ಘವಾದ ಜ್ವರ, ಮನೆಯಲ್ಲೊಂದು ಸಾವು, ಒಬ್ಬ ಉಪಾಧ್ಯಾಯರ ಬದಲಾವಣೆ, ಇಷ್ಟೇ ಸಾಕು. ಆದಕಾರಣ ಬುದ್ಧಿವಂತ ಮಗುವುಳ್ಳವರಿಗೂ ಈ ಪ್ರಶ್ನೆ ಅಪ್ರಸ್ತುತವಲ್ಲ.

ಇನ್ನು ವರ್ಷದಿಂದ ವರ್ಷಕ್ಕೆ ಫಲಿತಾಂಶ ಏರಿಳಿಯುವ ವಿಷಯ. ಇದರಲ್ಲಿ ಶಾಲೆಯ ಕೈವಾಡಕ್ಕಿಂತ ಪರೀಕ್ಷೆಯ ಕೈವಾಡವೇ ಕೆಲವೊಮ್ಮೆ ಹೆಚ್ಚು. 2021ರಲ್ಲಿ ಸಾಂಕ್ರಾಮಿಕ ರೋಗದ ಕಾರಣದಿಂದ ಎಸ್.ಎಸ್.ಎಲ್.ಸಿ. ಪರೀಕ್ಷೆಯನ್ನು ಎರಡೇ ದಿನಗಳಲ್ಲಿ, ಬಹು ಆಯ್ಕೆಯ ಪ್ರಶ್ನೆಗಳಿಂದ ನಡೆಸಿ, ಹೆಚ್ಚುಕಡಿಮೆ ಎಲ್ಲರನ್ನೂ ತೇರ್ಗಡೆ ಮಾಡಿದರು. ಆ ವರ್ಷದ ನೂರಕ್ಕೆ ನೂರನ್ನು ಯಾವ ಶಾಲೆಯಾದರೂ ಈಗಲೂ ಫಲಕದ ಮೇಲೆ ಉಳಿಸಿಕೊಂಡಿದ್ದರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಕಾದದ್ದಿಲ್ಲ. 2023ರಲ್ಲಿ ರಾಜ್ಯದ ಒಟ್ಟು ಫಲಿತಾಂಶ ನೂರಕ್ಕೆ 83.89 ಇದ್ದಿತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಛಾಯಾಗ್ರಾಹಕ ಯಂತ್ರಗಳನ್ನಿರಿಸಿ, ದೂರದ ಕಚೇರಿಯಿಂದ ಅಧಿಕಾರಿಗಳು ನೋಡುತ್ತಿರುವ ಏರ್ಪಾಡಾಯಿತು; ಕೃಪಾಂಕಗಳನ್ನು ನೂರಕ್ಕೆ ಹತ್ತರಿಂದ ಇಪ್ಪತ್ತಕ್ಕೆ ಏರಿಸಿದ ಮೇಲೂ ಫಲಿತಾಂಶವು 73.40ಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ರಾಜ್ಯದ ಉಪಾಧ್ಯಾಯರೆಲ್ಲರೂ ಪಾಠ ಹೇಳುವುದನ್ನು ಮರೆತರೆಂದು ಇದರ ಅರ್ಥವಲ್ಲವಷ್ಟೆ! ಆದುದರಿಂದ ಒಂದು ಶಾಲೆಯ ಒಂದು ವರ್ಷದ ಅಂಕಿಯನ್ನು ಅದೇ ಶಾಲೆಯ ಹಿಂದಿನ ವರ್ಷದ ಅಂಕಿಯೊಡನೆ ಹೋಲಿಸುವುದಕ್ಕಿಂತ, ಅದೇ ವರ್ಷದಲ್ಲಿ ಅದೇ ತಾಲ್ಲೂಕಿನ ಇತರ ಶಾಲೆಗಳ ಅಂಕಿಯೊಡನೆ ಹೋಲಿಸುವುದು ಲೇಸು. 2024ರಿಂದ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿಗೆ ಅವಕಾಶ ಮಾಡಿರುವರು. ಫಲಕದ ಅಂಕಿಯು ಮೊದಲನೆಯ ಪರೀಕ್ಷೆಯದೋ, ಎಲ್ಲವನ್ನೂ ಕೂಡಿಸಿದ್ದೋ ಎಂಬುದನ್ನೂ ಕೇಳಿಕೊಳ್ಳಬೇಕು.

ಚಿಕ್ಕ ಶಾಲೆಗಳ ವಿಷಯದಲ್ಲಿ ಒಂದು ಮಾತು. ಇಪ್ಪತ್ತು ಮಕ್ಕಳು ಪರೀಕ್ಷೆಗೆ ಕುಳಿತ ಶಾಲೆಯಲ್ಲಿ ಒಂದು ಮಗು ಸೋತರೆ ಫಲಿತಾಂಶವು ಐದು ಅಂಶ ಕುಸಿಯುತ್ತದೆ. ಇನ್ನೂರು ಮಕ್ಕಳ ಶಾಲೆಯಲ್ಲಿ ಅರ್ಧ ಅಂಶ ಮಾತ್ರ. ಚಿಕ್ಕ ಶಾಲೆಗಳ ಅಂಕಿ ಉಯ್ಯಾಲೆಯಂತೆ ತೂಗಾಡುವುದು ಸಹಜ. ಮೂರು ವರ್ಷಗಳಲ್ಲಿ ಕುಳಿತವರನ್ನೆಲ್ಲ ಒಟ್ಟುಗೂಡಿಸಿ, ಉತ್ತೀರ್ಣರಾದವರನ್ನೆಲ್ಲ ಒಟ್ಟುಗೂಡಿಸಿ ಭಾಗಿಸಿದರೆ ತೂಗಾಟ ತಗ್ಗುವುದು. 625ಕ್ಕೆ 620 ತೆಗೆದ ಒಬ್ಬಳು ಹುಡುಗಿಯ ಚಿತ್ರದಿಂದ ಆ ಹುಡುಗಿಯ ಸಾಮರ್ಥ್ಯ ತಿಳಿಯುತ್ತದೆ. ಕೊನೆಯ ಬೆಂಚಿನ ಹುಡುಗನಿಗೆ ಆ ಶಾಲೆಯಲ್ಲಿ ಏನಾಯಿತೆಂಬುದು ತಿಳಿಯುವುದಿಲ್ಲ.

ಈ ತೊಡಕನ್ನು ಬೇರೆ ದೇಶದವರು ಹೇಗೆ ಎದುರಿಸಿದರೆಂಬುದನ್ನು ನೋಡುವುದು ಉಪಯುಕ್ತ. ಇಂಗ್ಲೆಂಡಿನಲ್ಲಿ 1992ರಿಂದ ಪ್ರೌಢಶಾಲೆಗಳ ಪರೀಕ್ಷಾ ಫಲವನ್ನು ಸರಕಾರವೇ ಕೋಷ್ಟಕವಾಗಿ ಪ್ರಕಟಿಸುತ್ತ ಬಂದಿದೆ. ಮೊದಮೊದಲು ಅದೂ ನಮ್ಮ ಫಲಕಗಳಂತೆಯೇ ಇದ್ದಿತು. ಅನುಕೂಲಸ್ಥರ ಮಕ್ಕಳು ಸೇರುವ ಶಾಲೆಗಳು ಮೇಲೆ, ಬಡ ಕೇರಿಗಳ ಶಾಲೆಗಳು ಕೆಳಗೆ. ಶಾಲೆಯು ಏನನ್ನು ಕಲಿಸಿತು, ಮಗು ಏನನ್ನು ಹೊತ್ತುತಂದಿತು ಎಂಬೆರಡನ್ನು ಬೇರ್ಪಡಿಸಲಿಕ್ಕಾಗಿ 2016ರಿಂದ 'ಪ್ರೋಗ್ರೆಸ್ 8' ಎಂಬ ಅಳತೆಯನ್ನು ಬಳಕೆಗೆ ತಂದರು. ಹನ್ನೊಂದನೆಯ ವಯಸ್ಸಿನಲ್ಲಿ ಸಮಾನವಾದ ಅಂಕಗಳನ್ನು ಪಡೆದಿದ್ದ ದೇಶದ ಎಲ್ಲ ಮಕ್ಕಳೂ ಹದಿನಾರನೆಯ ವಯಸ್ಸಿನಲ್ಲಿ ಸರಾಸರಿ ಎಲ್ಲಿಗೆ ತಲಪಿದರು, ಈ ಶಾಲೆಯ ಅಂಥ ಮಕ್ಕಳು ಎಲ್ಲಿಗೆ ತಲಪಿದರು ಎಂಬ ಅಂತರವೇ ಆ ಅಳತೆ. ಸೊನ್ನೆಯೆಂದರೆ ಸರಾಸರಿ, ಅರ್ಧವೆಂದರೆ ಪ್ರತಿ ವಿಷಯದಲ್ಲಿಯೂ ಅರ್ಧ ದರ್ಜೆಯಷ್ಟು ಮುಂದೆ. 2020, 2021ರಲ್ಲಿ ಅಲ್ಲಿ ಪ್ರಾಥಮಿಕ ಶಾಲೆಯ ಕೊನೆಯ ಪರೀಕ್ಷೆಗಳು ನಡೆಯಲಿಲ್ಲವಾಗಿ, ಆ ಮಕ್ಕಳು ಪ್ರೌಢಶಾಲೆ ಮುಗಿಸುವ 2024-25, 2025-26ರ ಸಾಲುಗಳಿಗೆ ಈ ಅಳತೆಯನ್ನು ಲೆಕ್ಕ ಹಾಕುವಂತಿಲ್ಲ. ಆರಂಭದ ಗುರುತೇ ಇಲ್ಲದಿದ್ದರೆ ನಡೆದ ದೂರವನ್ನು ಅಳೆಯುವುದೆಂತು? ಅಲ್ಲಿಯೂ ಹಿಂದುಳಿದ ಮಕ್ಕಳ ಹೆಸರನ್ನು ಹಾಜರಿಪಟ್ಟಿಯಿಂದ ಮೆಲ್ಲನೆ ಕಳಚುವ ಶಾಲೆಗಳುಂಟೆಂಬ ದೂರು ಇದ್ದೇ ಇದೆ. ಶಾಲೆಗಳ ತನಿಖೆ ನಡೆಸುವ ಅಲ್ಲಿಯ ಇಲಾಖೆಯು, ಇಡೀ ಸರಕಾರಿ ಶಾಲೆಯೊಂದನ್ನು ಒಂದೇ ಪದದಲ್ಲಿ ತೂಗಿ ಹೇಳುವ ಪದ್ಧತಿಯನ್ನು 2024ರಲ್ಲಿ ಕೈಬಿಟ್ಟಿತು.

ಫಲಕವನ್ನು ಓದುವ ನಮಗೆ ಅಂಥ ಅಳತೆ ಸಿದ್ಧವಾಗಿ ಸಿಗುವುದಿಲ್ಲ. ಆದರೂ ಒಂದು ಪ್ರವೇಶ ಪರೀಕ್ಷೆ ನಡೆಸಿ ಮಕ್ಕಳನ್ನು ಆರಿಸಿಕೊಳ್ಳುವ ಶಾಲೆಯ ನೂರನ್ನೂ, ಬಾಗಿಲಿಗೆ ಬಂದ ಮಗುವನ್ನೆಲ್ಲ ಸೇರಿಸಿಕೊಳ್ಳುವ ಸರಕಾರಿ ಶಾಲೆಯ ಎಂಬತ್ತೈದನ್ನೂ ಒಂದೇ ತಕ್ಕಡಿಯಲ್ಲಿ ಇಡಬಾರದೆಂಬುದು ಸ್ಪಷ್ಟ. ನಮ್ಮ ಅಭಿಪ್ರಾಯದಲ್ಲಿ ಆ ಎಂಬತ್ತೈದು ಅನೇಕ ಸಲ ಹೆಚ್ಚಿನ ಕೆಲಸದ ಗುರುತು.

ಪತ್ರಕದ ಉಳಿದ ಅಂಕಣಗಳನ್ನು ಬೇಗ ನೋಡಿ ಮುಗಿಸಬಹುದು. ಉಪಾಧ್ಯಾಯರ ಸಂಖ್ಯೆಯಿಂದ ಮಕ್ಕಳ ಸಂಖ್ಯೆಯನ್ನು ಭಾಗಿಸಿ. ಅದಕ್ಕಿಂತಲೂ, ಗಣಿತಕ್ಕೂ ವಿಜ್ಞಾನಕ್ಕೂ ಇಂಗ್ಲಿಷಿಗೂ ಬೇರೆ ಬೇರೆ ಉಪಾಧ್ಯಾಯರಿದ್ದಾರೆಯೇ ಎಂದು ವಿಚಾರಿಸಿ. ಹೆಣ್ಣುಮಕ್ಕಳ ಶೌಚಾಲಯದ ಅಂಕಿಯನ್ನು ತಂದೆಯರು ದಾಟಿಹೋಗುವರು. ತಾಯಂದಿರು ದಾಟುವುದಿಲ್ಲ, ಅವರದೇ ಸರಿ. ಒಂದು ಎಚ್ಚರಿಕೆ ಮಾತ್ರ ಬೇಕು. ಈ ವಿವರಗಳನ್ನೆಲ್ಲ ತುಂಬುವವರು ಶಾಲೆಯವರೇ. ಗ್ರಂಥಾಲಯ 'ಉಂಟು' ಎಂದು ಬರೆದಿರುವಲ್ಲಿ ಬೀಗ ಹಾಕಿದ ಒಂದು ಕಪಾಟೂ ಇರಬಹುದು. ಇನ್ನು, ರಾಜ್ಯದ ಪಠ್ಯಕ್ರಮಕ್ಕೆ ಮಾತ್ರ ಮಾನ್ಯತೆ ಪಡೆದು ಕೇಂದ್ರದ ಪಠ್ಯಕ್ರಮವೆಂದು ಸಾರುವ ಶಾಲೆಗಳೂ ಇಲ್ಲದಿಲ್ಲ, ಸಿ.ಬಿ.ಎಸ್.ಇ. ಮಂಡಲಿಯ ಜಾಲತಾಣದಲ್ಲಿ ಆ ಶಾಲೆಯ ಸಂಯೋಜನೆಯ ಸಂಖ್ಯೆಯನ್ನು ಹುಡುಕಿ, ಹತ್ತನೆಯ ತರಗತಿಯವರೆಗೆ ಅನುಮತಿಯಿದೆಯೇ ಎಂದು ನೋಡಿಕೊಳ್ಳದೆ ಹಣ ಕಟ್ಟಬಾರದು.

ಇಷ್ಟನ್ನು ಓದಿಕೊಂಡು, ರಜೆಯಲ್ಲದ ಒಂದು ದಿನ, ಮಗುವನ್ನೂ ಕರೆದುಕೊಂಡು ಶಾಲೆಗೆ ಹೋಗಿ ಮುಖ್ಯೋಪಾಧ್ಯಾಯರನ್ನು ಕಾಣಬೇಕು. ಹೋದ ವರ್ಷ ಒಂಬತ್ತನೆಯ ತರಗತಿಯಲ್ಲಿ ಇದ್ದ ಮಕ್ಕಳಲ್ಲಿ ಈ ವರ್ಷ ಎಷ್ಟು ಮಂದಿ ಹತ್ತರಲ್ಲಿದ್ದಾರೆ? ಖಾಸಗಿ ಅಭ್ಯರ್ಥಿಗಳಾಗಿ ಕುಳಿತವರುಂಟೆ? ಹಿಂದುಳಿದ ಮಗುವಿಗೆ ಸಂಜೆಯ ಹೊತ್ತು ಪಾಠವುಂಟೆ, ಅದನ್ನು ಯಾರು ಹೇಳುವರು? ಈ ಪ್ರಶ್ನೆಗಳನ್ನು ವಿನಯದಿಂದ ಕೇಳಿದರೆ ಒಳ್ಳೆಯ ಮುಖ್ಯೋಪಾಧ್ಯಾಯರು ಸಂತೋಷದಿಂದಲೇ ಉತ್ತರ ಹೇಳುವರು. ಕೆಲವರು ರಿಜಿಸ್ಟರನ್ನೇ ತೆಗೆದು ತೋರಿಸುವರು. ಉತ್ತರ ಸಿಗದಿದ್ದರೂ ದಾರಿಯುಂಟು. 2005ರ ಮಾಹಿತಿ ಹಕ್ಕಿನ ಅಧಿನಿಯಮದಂತೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ 10 ರೂಪಾಯಿ ಶುಲ್ಕದೊಡನೆ ಅರ್ಜಿ ಕೊಟ್ಟು, ಆ ಕಚೇರಿಯಲ್ಲಿರುವ ಶಾಲೆಯ ತರಗತಿವಾರು ಮಕ್ಕಳ ಸಂಖ್ಯೆಯನ್ನೂ ಪರೀಕ್ಷೆಗೆ ನೋಂದಾಯಿತರಾದವರ ಸಂಖ್ಯೆಯನ್ನೂ ಕೇಳಬಹುದು. ಅರ್ಜಿಯು ಒಂದೇ ವಿಷಯಕ್ಕೆ ಸಂಬಂಧಿಸಿದ್ದು 150 ಶಬ್ದಗಳನ್ನು ಮೀರಬಾರದೆಂದು ನಮ್ಮ ರಾಜ್ಯದ ನಿಯಮ. ಉತ್ತರಕ್ಕೆ 30 ದಿನಗಳ ಅವಧಿಯಿರುವುದರಿಂದ, ಜೂನ್ ತಿಂಗಳಲ್ಲಿ ಮಗುವನ್ನು ಸೇರಿಸುವವರು ಮಾರ್ಚಿಯಲ್ಲಿಯೇ ಅರ್ಜಿಯನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯದು.