ಲೆಕ್ಕದ ಪುಸ್ತಕದ ಯಾವ ಪುಟ ಊರಿಗೆ?

ದಕ್ಷಿಣ ಕನ್ನಡ ಮತ್ತು ಕೊಡಗು ಜಿಲ್ಲೆಗಳ ಗಡಿಯಲ್ಲಿ, ಪಯಸ್ವಿನಿ ನದಿಯ ಬದಿಯಲ್ಲಿರುವ ಸಂಪಾಜೆಯಂತಹ ಅಡಿಕೆ ಸೀಮೆಯಲ್ಲಿ ಕೃಷಿಕರ ಮನೆಯ ಲೆಕ್ಕದ ಪುಸ್ತಕವೆಂಬುದು ಬರಿಯ ಜಮಾಖರ್ಚಿನ ದಾಖಲೆಯಲ್ಲ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸಿದ ದಿನ, ಕೊಯ್ಲಿನವರಿಗೆ ಕೊಟ್ಟ ಮುಂಗಡ, ಸೊಸೈಟಿ ಸಾಲದ ಕಂತು, ಹಿಂದಿನ ರಾತ್ರಿ ಸುರಿದ ಮಳೆಯ ಅಳತೆ, ಮನೆಯ ಹಿರಿಯರ ಔಷಧಕ್ಕೆ ತಗುಲಿದ ವೆಚ್ಚ ಇವೆಲ್ಲ ಒಂದೇ ಪುಟದಲ್ಲಿ ಒಂದರ ಕೆಳಗೊಂದು ಸೇರಿಕೊಳ್ಳುತ್ತವೆ. ಇಂತಹ ಬರಹ ಮನೆಯೊಳಗೇ ಉಳಿಯಬೇಕೇ, ಊರಿಗೂ ತೆರೆದುಕೊಳ್ಳಬೇಕೇ ಎಂಬ ಪ್ರಶ್ನೆಗೆ ಪುಸ್ತಕವನ್ನು ಇಡಿಯಾಗಿ ಮುಂದಿಟ್ಟುಕೊಂಡು ಉತ್ತರ ಹೇಳಲಾಗದು. ಪುಟದಿಂದ ಪುಟಕ್ಕೆ, ಕೆಲವೊಮ್ಮೆ ಸಾಲಿನಿಂದ ಸಾಲಿಗೆ, ಉತ್ತರ ಬದಲಾಗುತ್ತದೆ.

ಕೃಷಿಕರ ಅನುಭವ ಅಂಗಳ ದಾಟಿ ಹೊರಬರಬೇಕೆಂಬ ಚಿಂತನೆಗೆ ಈ ಸೀಮೆಯಲ್ಲಿ ಗಟ್ಟಿಯಾದ ನೆಲೆಯಿದೆ. ಶ್ರೀಪಡ್ರೆಯವರ ಸಂಪಾದಕತ್ವದಲ್ಲಿ 1988ರಲ್ಲಿ ಪುತ್ತೂರಿನಿಂದ ಹೊರಡತೊಡಗಿದ ‘ಅಡಿಕೆ ಪತ್ರಿಕೆ’ಯು ಕೃಷಿಕರ ಕೈಗೇ ಲೇಖನಿ ಕೊಡಬೇಕೆಂಬ ನಿಲುವನ್ನು ತಳೆದು, ತಾವು ಮಾಡಿ ನೋಡಿದ್ದನ್ನು ತಾವೇ ಬರೆಯುವಂತೆ ಬೆಳೆಗಾರರನ್ನು ಅಣಿಗೊಳಿಸಿತು. ಆದರೆ ಬರಹದೊಡನೆ ಬರೆದವರ ಹೆಸರು, ವಿಳಾಸಗಳೂ ಹೊರಬಿದ್ದಾಗ ತೋಟ ನೋಡಲು ಜನ ಬರುತ್ತಾರೆ, ದೂರವಾಣಿ ಕರೆಗಳು ಬರುತ್ತವೆ, ಸೋತ ಪ್ರಯೋಗಕ್ಕೂ ಸಮಜಾಯಿಷಿ ಹೇಳಬೇಕಾಗುತ್ತದೆ. ಪ್ರಕಟಣೆಯೆಂದರೆ ಓದುಗರಿಗೆ ತನ್ನ ಹೊತ್ತನ್ನೂ ಕೊಟ್ಟಂತೆ ಎಂಬುದನ್ನು ಬರೆಯುವ ಮುನ್ನವೇ ತಿಳಿದಿರಬೇಕು.

ಪುಸ್ತಕದಲ್ಲಿ ಹಿಂಜರಿಕೆಯಿಲ್ಲದೆ ಹಂಚಬಹುದಾದದ್ದು ಮಳೆಯ ಲೆಕ್ಕ. ಮಾಪಕದಲ್ಲಿ ಒಂದು ಮಿಲಿಮೀಟರ್ ಎಂದರೆ ಒಂದು ಚದರ ಮೀಟರ್ ನೆಲದ ಮೇಲೆ ಒಂದು ಲೀಟರ್ ನೀರು ಬಿದ್ದಿದೆ ಎಂದರ್ಥ. ಒಂದೇ ರಾತ್ರಿ 100 ಮಿಲಿಮೀಟರ್ ಸುರಿದರೆ ಒಂದೊಂದು ಎಕರೆಯ ಮೇಲೂ ಸುಮಾರು 4 ಲಕ್ಷ ಲೀಟರ್ ನೀರು ಬಿದ್ದಿರುತ್ತದೆ. 2018ರ ಆಗಸ್ಟ್‌ನಲ್ಲಿ ಸಂಪಾಜೆಯ ಮೇಲ್ಭಾಗದ ಜೋಡುಪಾಲ, ಮೊಣ್ಣಂಗೇರಿ ಪರಿಸರದಲ್ಲಿ ಗುಡ್ಡಗಳು ಕುಸಿದ ಬಳಿಕ, ಘಟ್ಟದ ಬುಡದಲ್ಲಿ ದಿನದಿನವೂ ಬರೆದಿಟ್ಟ ಇಂತಹ ಅಂಕಿಗಳ ಬೆಲೆ ಎಂಥವರಿಗೂ ಅರಿವಾಯಿತು. ಮಳೆಯ ಅಳತೆಯಿಂದ ಯಾರ ಮಾನವೂ ಹೋಗುವುದಿಲ್ಲ, ಅದನ್ನು ಬಚ್ಚಿಟ್ಟುಕೊಂಡರೆ ಯಾರಿಗೂ ಲಾಭವೂ ಇಲ್ಲ.

ನಿರ್ಧಾರ ಕಠಿಣವಾಗುವುದು ಹಳದಿ ರೋಗದ ಪುಟದಲ್ಲಿ. ಸಂಪಾಜೆ, ಅರಂತೋಡು, ತೊಡಿಕಾನ, ಚೆಂಬು ಮೊದಲಾದ ಗ್ರಾಮಗಳ ಅಡಿಕೆ ತೋಟಗಳನ್ನು ದಶಕಗಳಿಂದ ಕಾಡುತ್ತಿರುವ ಈ ರೋಗದಲ್ಲಿ ಸೋಗೆಯ ಎಸಳುಗಳು ತುದಿಯಿಂದ ಹಳದಿಯಾಗುತ್ತ ಬರುತ್ತವೆ, ಎಳೆಗಾಯಿ ಉದುರುತ್ತದೆ, ಉಳಿದ ಕಾಯಿಯ ತಿರುಳು ಮೆತ್ತಗಾಗಿ ಕಪ್ಪಿಡುತ್ತದೆ. ಕೋಶಭಿತ್ತಿಯಿಲ್ಲದ, ಬ್ಯಾಕ್ಟೀರಿಯಾ ಜಾತಿಯ ಫೈಟೊಪ್ಲಾಸ್ಮಾ ಎಂಬ ಸೂಕ್ಷ್ಮಜೀವಿಯೊಡನೆ ಸಂಬಂಧವಿರುವ ಈ ರೋಗವನ್ನು ಗುಣಪಡಿಸುವ ಮದ್ದು ಇನ್ನೂ ಬಂದಿಲ್ಲ. ತನ್ನ ತೋಟ ಹಳದಿಯಾಗುತ್ತಿದೆ ಎಂದು ಬಹಿರಂಗವಾಗಿ ಬರೆದರೆ ನೆಲದ ಬೆಲೆ, ಸಾಲ ಕೊಡುವವರ ನಂಬಿಕೆ, ಮಕ್ಕಳ ಮದುವೆಯ ಮಾತುಕತೆ ಎಲ್ಲಕ್ಕೂ ಅದರ ಬಿಸಿ ತಟ್ಟೀತೆಂಬ ಅಂಜಿಕೆ ಸಹಜವಾದದ್ದೇ.

ಆದರೆ ಈ ರೋಗದ ವಿರುದ್ಧ ಉಳಿದಿರುವ ಮುಖ್ಯ ಭರವಸೆ ಇಂತಹ ಪುಟಗಳನ್ನೇ ನೆಚ್ಚಿಕೊಂಡಿದೆ. ಸುತ್ತಲಿನ ಮರಗಳೆಲ್ಲ ಹಳದಿಯಾಗಿ ಸೊರಗಿದ್ದರೂ ನಡುವೆ ಹಸುರಾಗಿ ನಿಂತು ಫಸಲು ಕೊಡುವ ಮರಗಳನ್ನು ಗುರುತಿಸಿ, ಅವುಗಳ ಹಿಂಗಾರಗಳಲ್ಲಿ ಕೈಯಾರೆ ಪರಾಗಸ್ಪರ್ಶ ಮಾಡಿಸಿ, ಅಂಗಾಂಶ ಕೃಷಿಯಿಂದಲೂ ಸಸಿಗಳನ್ನು ಪಡೆದು, ರೋಗ ತಾಳಿಕೊಳ್ಳುವ ತಳಿಯನ್ನು ರೂಪಿಸುವ ಯತ್ನದಲ್ಲಿ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ತೊಡಗಿದೆ. ಒಂದು ಮರ ಒಂದು ವರ್ಷ ಹಸುರಾಗಿದ್ದುದರಿಂದ ಏನೂ ಖಚಿತವಾಗದು. ವರ್ಷಗಟ್ಟಲೆ ಅದು ಹೇಗಿತ್ತೆಂಬುದು ಗೊತ್ತಿರುವುದು ತೋಟದವರಿಗೆ ಮಾತ್ರ. ಈ ಪುಟ ಊರಿಗೆಲ್ಲ ತಿಳಿಯಬೇಕೆಂದಿಲ್ಲ, ಸಂಶೋಧಕರಿಗೆ ತಿಳಿದರೆ ಸಾಕು. ಗುಟ್ಟು ಮತ್ತು ಬಹಿರಂಗಗಳ ನಡುವೆ, ಬೇಕಾದವರಿಗಷ್ಟೇ ತೋರಿಸುವ ಮೂರನೆಯ ದಾರಿಯೊಂದು ಇದೆಯೆಂಬುದನ್ನು ಹಳದಿ ರೋಗದ ಉದಾಹರಣೆ ಕಾಣಿಸಿಕೊಡುತ್ತದೆ.

ಮನೆಮದ್ದಿನ ಪುಟಕ್ಕೆ ಇನ್ನೊಂದು ಬಗೆಯ ತೊಡಕಿದೆ. ಗಾಯಕ್ಕೆ ಅರಸಿನ ಹಚ್ಚುವ ಕ್ರಮಕ್ಕೆ ಅಮೆರಿಕದಲ್ಲಿ 1995ರಲ್ಲಿ ಕೊಟ್ಟಿದ್ದ ಪೇಟೆಂಟ್, ಅಂದರೆ ಹೊಸ ಶೋಧವೊಂದರ ಮೇಲಿನ ಏಕಸ್ವಾಮ್ಯದ ಹಕ್ಕು, 1997ರಲ್ಲಿ ರದ್ದಾಯಿತು. ಆ ಉಪಯೋಗ ಭಾರತದಲ್ಲಿ ಹಿಂದಿನಿಂದಲೂ ಇತ್ತೆಂಬುದಕ್ಕೆ ಪ್ರಕಟಿತ ಬರಹಗಳ ಆಧಾರ ಸಿಕ್ಕಿದ್ದೇ ಅದಕ್ಕೆ ಕಾರಣ. ಎಲ್ಲರೂ ಬಲ್ಲ ಮದ್ದನ್ನು ಹೀಗೆ ಪ್ರಕಟಣೆಯೇ ಕಾಪಾಡಬಲ್ಲದು. ಒಂದೇ ಮನೆತನಕ್ಕೆ ಗೊತ್ತಿರುವ ಬೇರಿನ ಗುರುತು ಅಚ್ಚಾದರೆ ಮಾತ್ರ ಮನೆತನದ ಹಿಡಿತ ತಪ್ಪುವುದಲ್ಲದೆ, ಕಾಡಿನಲ್ಲಿ ಆ ಗಿಡವೇ ಬರಿದಾಗಬಹುದು.

ಇನ್ನುಳಿದ ಸಾಲುಗಳಲ್ಲಿ ಹಲವು ಬರೆದವರಿಗಷ್ಟೇ ಸೇರಿದವಲ್ಲ. ಕೆಲಸದವರು ಪಡೆದ ಮುಂಗಡ, ನೆರೆಯವರು ಮಾಡಿದ ಕೈಸಾಲ, ಮನೆಯ ಹೆಂಗಸರ ಕಾಯಿಲೆ ಇವು ಯಾರ ಬದುಕಿನ ಸಂಗತಿಗಳೋ ಅವರ ಒಪ್ಪಿಗೆಯಿಲ್ಲದೆ ಹೊರಹೋಗಬಾರದು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ವೈಯಕ್ತಿಕ ಮಾಹಿತಿಯ ರಕ್ಷಣೆಗಾಗಿ 2023ರಲ್ಲಿ ಬಂದ ಕಾಯ್ದೆ ಮಾತ್ರ, ವ್ಯಕ್ತಿಯು ತನ್ನ ಮಾಹಿತಿಯನ್ನು ತಾನೇ ಸಾರ್ವಜನಿಕಗೊಳಿಸಿದ್ದರೆ ಅದಕ್ಕೆ ಅನ್ವಯಿಸುವುದಿಲ್ಲ. ಒಳಗಿಟ್ಟ ಪುಟವನ್ನು ಮುಂದೊಂದು ದಿನ ಹೊರಗೆ ಕೊಡಬಹುದು, ಹೊರಗೆ ಹೋದದ್ದನ್ನು ಹಿಂದಕ್ಕೆ ಕರೆಯಲಾಗದು. ಆದುದರಿಂದ ಅನುಮಾನವಿರುವಲ್ಲಿ ಒಳಗಿಡುವುದೇ ಲೇಸು.

ಇಷ್ಟೆಲ್ಲ ತೊಡಕು ಹುಟ್ಟುವುದು ಮಳೆ, ಸಾಲ, ಮದ್ದು, ಮರಗಳು ಒಂದೇ ಪುಟದಲ್ಲಿ ಬೆರೆತಿರುವುದರಿಂದ. ತೋಟಕ್ಕೊಂದು, ಮನೆಗೊಂದು ಎಂದು ಪುಸ್ತಕವನ್ನು ಮೊದಲೇ ಬೇರೆ ಮಾಡಿಟ್ಟವರಿಗೆ ಅರ್ಧ ನಿರ್ಧಾರ ಆಗಿಯೇ ಇರುತ್ತದೆ. ಉಳಿದರ್ಧ ಬರೆದವರ ಕಾಲಾನಂತರ ಮಕ್ಕಳ ತಲೆಗೆ ಬರುವಂಥದ್ದು, ಏಕೆಂದರೆ ಪ್ರಕಟವಾಗದ ಬರಹದ ಹಕ್ಕುಸ್ವಾಮ್ಯವೂ ಆಸ್ತಿಯಂತೆ ವಾರಸುದಾರರಿಗೆ ಸಲ್ಲುತ್ತದೆ. ಮಳೆಯ ಲೆಕ್ಕವನ್ನು ಕೇಳಿದವರಿಗೆಲ್ಲ ಕೊಡಬಹುದು, ಹಸುರು ಮರದ ಲೆಕ್ಕವನ್ನು ಸಂಶೋಧಕರಿಗೆ ತೋರಿಸಬಹುದು, ಕೈಸಾಲದ ಪುಟಗಳನ್ನು ಸುಟ್ಟುಬಿಡಬೇಕು ಎಂದು ಮೊದಲ ಪುಟದಲ್ಲೇ ಬರೆದು ರುಜು ಹಾಕಿಟ್ಟರೆ, ಮುಂದೊಂದು ಮಳೆಗಾಲದಲ್ಲಿ ಅಟ್ಟದಿಂದ ಆ ಪುಸ್ತಕ ಇಳಿಸಿದವರು ಊಹಿಸುತ್ತ ಕೂರಬೇಕಾಗುವುದಿಲ್ಲ.