ಕಾವಲಿ ಮುಂದಿನ ಸರ್ವರ್

ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ 1941ರಲ್ಲಿ ಶುರುವಾಯಿತು. ಅಲ್ಲಿ ತಯಾರಾದ ಲೇತ್‌ಗಳು ಎಲ್ಲೆಲ್ಲಿಯೋ ಇರುವ ವರ್ಕ್‌ಶಾಪ್‌ಗಳಿಗೆ ಹೋದವು. ಕಾರ್ಖಾನೆ ಮುಚ್ಚಿತು, ಲೇತ್‌ಗಳು ನಿಲ್ಲಲಿಲ್ಲ. ಹೆಡ್‌ಸ್ಟಾಕ್ ಮುಚ್ಚಳ ಬಿಚ್ಚಿದರೆ ಗೇರುಗಳೆಲ್ಲ ಕಣ್ಣಿಗೆ ಕಾಣುತ್ತವೆ. ಯಾವುದರ ಹಲ್ಲು ಸವೆದಿದೆ ನೋಡಿ, ಅಳತೆ ತೆಗೆದು, ಹೊಸದು ಮಾಡಿಸಿ ಕೂರಿಸಿದರಾಯಿತು. ಒಳಗೇನಿದೆ ಎಂದು ನೋಡಲು ಬಿಡುವ ಯಂತ್ರ, ಮಾಡಿದವರು ಹೋದ ಮೇಲೂ ಬದುಕುತ್ತದೆ.

ವೆಬ್ ಸರ್ವರ್ ಎಂಬ ತಂತ್ರಾಂಶದ ಕಥೆಯೂ ಹೀಗೆಯೇ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಎನ್‌ಸಿಎಸ್‌ಎ ಕೇಂದ್ರದಲ್ಲಿ ರಾಬ್ ಮೆಕೂಲ್ ಎಂಬಾತ ಒಂದು ಸರ್ವರ್ ಬರೆದಿದ್ದ. 1994ರಲ್ಲಿ ಆತ ಅಲ್ಲಿಂದ ಹೊರಟ, ಕೆಲಸ ಅಲ್ಲಿಗೇ ನಿಂತಿತು. ಆದರೆ ಅದರ ಸೋರ್ಸ್ ಕೋಡ್, ಅಂದರೆ ಮೂಲ ಬರಹ, ಬಳಸುವವರ ಕೈಯಲ್ಲೇ ಇತ್ತು. ಅವರವರು ಹಾಕಿಕೊಂಡ ತೇಪೆಗಳನ್ನು ಇಮೇಲ್‌ನಲ್ಲಿ ಹಂಚಿಕೊಳ್ಳತೊಡಗಿದರು. 1995ರಲ್ಲಿ ಎಂಟು ಜನ ಆ ತೇಪೆಗಳನ್ನೆಲ್ಲ ಒಟ್ಟುಮಾಡಿ, ಏಪ್ರಿಲ್‌ನಲ್ಲಿ ಅಪಾಚೆ ಎಂಬ ಹೆಸರಿನಲ್ಲಿ ಹೊರತಂದರು. ಜಗತ್ತಿನ ವೆಬ್‌ಸೈಟುಗಳಲ್ಲಿ ದೊಡ್ಡ ಪಾಲನ್ನು ಬಹಳ ವರ್ಷ ಹೊತ್ತಿದ್ದು ಅದೇ.

ಸರ್ವರ್ ಅಂದಕೂಡಲೇ ಎಸಿ ಕೋಣೆ, ಮಿನುಗುವ ದೀಪಗಳು ನೆನಪಾಗುತ್ತವೆ. ನನ್ನದು ದಾವಣಗೆರೆಯ ಮನೆಯ ಮೂಲೆಯಲ್ಲಿ, ಬ್ಯಾಟರಿ ಸತ್ತಿರುವ ಹಳೇ ಲ್ಯಾಪ್‌ಟಾಪ್‌ನಲ್ಲಿದೆ. ಉಬುಂಟು ಎಂಬ ಆಪರೇಟಿಂಗ್ ಸಿಸ್ಟಂ ಹಾಕಿದ ಮೇಲೆ 'ಸುಡೊ ಆಪ್ಟ್ ಇನ್‌ಸ್ಟಾಲ್ ಅಪಾಚೆ2' ಎಂಬ ಒಂದೇ ಸಾಲು. ಅಷ್ಟಾದರೆ ಅದು 80ನೇ ಪೋರ್ಟ್ ಎಂಬ ಬಾಗಿಲಲ್ಲಿ ಕಾಯುತ್ತ ಕೂರುತ್ತದೆ. ಬ್ರೌಸರ್ ಬಂದು 'ಆ ಪುಟ ಕೊಡು' ಎಂದರೆ ತನ್ನ ಫೋಲ್ಡರ್‌ನಲ್ಲಿ ಹುಡುಕಿ ಕೊಡುತ್ತದೆ, ಸಿಗದಿದ್ದರೆ 404 ಎನ್ನುತ್ತದೆ.

ನಾನು ಮೊದಲು ಬರೆದ ಪುಟದಲ್ಲಿ ಇದ್ದದ್ದು 'ದಾವಣಗೆರೆ' ಎಂಬ ಒಂದೇ ಪದ. ತೆರೆದರೆ ಪರದೆಯ ಮೇಲೆ ಕನ್ನಡವೇ ಇಲ್ಲ! ತಲೆ ಮೇಲೆ ಗೀಟು ಹೊತ್ತ ಲ್ಯಾಟಿನ್ 'ಎ' ಒಂದು, ಅದರ ಪಕ್ಕ ಪುಟ್ಟ 2 ಅಥವಾ 3, ಮತ್ತೇನೋ ಒಂದು ಗುರುತು. ಹೀಗೇ ಎಂಟು ಸಲ. ಎಣಿಸಿದ ಮೇಲೆ ಕಾರಣ ಹೊಳೆಯಿತು. ಯೂನಿಕೋಡ್‌ನಲ್ಲಿ ಈ ಪದಕ್ಕೆ ಎಂಟು ಸಂಕೇತ: ದ, ದೀರ್ಘ, ವ, ಣ, ಗ, ಎತ್ವ, ರ, ಮತ್ತೆ ಎತ್ವ. ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್, ಒಟ್ಟು 24. ಅವನ್ನು ಹೇಗೆ ಓದಬೇಕೆಂದು ಸರ್ವರ್ ಹೇಳಿರಲಿಲ್ಲ, ಪುಟದಲ್ಲೂ ನಾನು ಬರೆದಿರಲಿಲ್ಲ. ಬ್ರೌಸರ್ ಒಂದೊಂದು ಬೈಟನ್ನೂ ಒಂದೊಂದು ಪಾಶ್ಚಾತ್ಯ ಅಕ್ಷರವೆಂದು ಓದಿಬಿಟ್ಟಿತ್ತು. ಅಪಾಚೆಯ ಸೆಟ್ಟಿಂಗ್ ಕಡತದಲ್ಲಿ 'ಆ್ಯಡ್‌ಡೀಫಾಲ್ಟ್‌ಚಾರ್‌ಸೆಟ್ ಯುಟಿಎಫ್-8' ಎಂದು ಒಂದು ಸಾಲು ಸೇರಿಸಿ ರೀಲೋಡ್ ಮಾಡಿದೆ. ಊರು ತನ್ನ ಹೆಸರಿನಲ್ಲಿ ಬಂತು. ಸರ್ವರ್ ಕಲಿಯಲು ಹೊರಟ ಕನ್ನಡದವರು ಮೊದಲ ದಿನವೇ ಈ ಪರೀಕ್ಷೆ ಮಾಡಿ ನೋಡಬೇಕೆಂದು ನನ್ನ ಆಸೆ. ಇಂಗ್ಲಿಷ್ ಪುಟ ಹಾಕಿದವರಿಗೆ ಈ ಪಾಠ ಸಿಗುವುದೇ ಇಲ್ಲ, ಅವರ ಅಕ್ಷರಕ್ಕೆ ಒಂದೇ ಬೈಟ್ ಸಾಕು.

ಒಬ್ಬರು ಬಂದರೆ ಸರಿ, ಸಾವಿರ ಜನ ಒಟ್ಟಿಗೆ ಬಂದರೆ? ಇದನ್ನು ಅರ್ಥಮಾಡಿಕೊಳ್ಳಲು ಬೆಣ್ಣೆದೋಸೆ ಹೋಟೆಲಿಗಿಂತ ಒಳ್ಳೆ ಜಾಗ ನಮ್ಮೂರಲ್ಲಿಲ್ಲ. ಅಪಾಚೆಯ ಹಳೆಯ ಕ್ರಮದಲ್ಲಿ ಬಂದ ಗಿರಾಕಿಗೊಬ್ಬ ಸಪ್ಲಯರ್. ಗಿರಾಕಿ ನಿಧಾನವಾಗಿ ತಿಂದರೂ ಅವನು ಆ ಟೇಬಲ್ ಬಿಟ್ಟು ಕದಲುವಂತಿಲ್ಲ. ಗಿರಾಕಿಗಳು ಹೆಚ್ಚಿದಂತೆ ಸಪ್ಲಯರ್‌ಗಳೂ ಹೆಚ್ಚಿ, ನಿಲ್ಲಲು ಜಾಗವೇ ಇರುವುದಿಲ್ಲ. ಕಂಪ್ಯೂಟರಿನಲ್ಲಿ ಆ ಜಾಗವೇ ಮೆಮೊರಿ. ಒಂದೇ ಯಂತ್ರ ಹತ್ತು ಸಾವಿರ ಸಂಪರ್ಕಗಳನ್ನು ಹೇಗೆ ನಿಭಾಯಿಸಬೇಕು ಎಂಬ ಪ್ರಶ್ನೆ 1999ರ ಹೊತ್ತಿಗೆ ತಂತ್ರಜ್ಞರನ್ನು ಕಾಡುತ್ತಿತ್ತು.

ಈಗ ಕಾವಲಿ ಕಡೆ ನೋಡಿ. ಸೌದೆ ಉರಿ, ಉದ್ದನೆ ಕಾವಲಿ, ಅದರ ಮೇಲೆ ಸಾಲು ದೋಸೆ, ಎದುರಿಗೆ ಒಬ್ಬರೇ. ಮೊದಲ ದೋಸೆ ಬೇಯಲೆಂದು ಅವರು ಕೈಕಟ್ಟಿ ನಿಲ್ಲುವುದಿಲ್ಲ. ಇನ್ನೊಂದು ಹುಯ್ಯುತ್ತಾರೆ, ಮೂರನೆಯದಕ್ಕೆ ಬೆಣ್ಣೆ ಹಾಕುತ್ತಾರೆ, ಅಂಚು ಕೆಂಪಾದದ್ದನ್ನು ಎತ್ತುತ್ತಾರೆ. ಬೇಯುವುದು ದೋಸೆಯ ಕೆಲಸ. ಯಾವುದು ಈಗ ಕೈ ಕೇಳುತ್ತಿದೆ ಎಂದು ನೋಡುವುದಷ್ಟೇ ಅವರದು. ರಷ್ಯಾದ ಈಗೊರ್ ಸಿಸೊಯೆವ್ 2004ರಲ್ಲಿ ಹೊರತಂದ ಎಂಜಿನ್‌ಎಕ್ಸ್ ಸರ್ವರ್ ಮಾಡುವುದು ಇದನ್ನೇ. ಕೆಲವೇ ಕೆಲಸಗಾರ ಪ್ರೋಗ್ರಾಂಗಳು ಸಾವಿರಾರು ಸಂಪರ್ಕಗಳ ಮೇಲೆ ಕಣ್ಣಿಟ್ಟು, ಯಾವುದು ಸಿದ್ಧವೋ ಅದಕ್ಕೆ ಕೈಹಾಕುತ್ತವೆ. ಅದರ ಸೋರ್ಸ್ ಕೋಡ್ ಕೂಡ ಎಲ್ಲರಿಗೂ ತೆರೆದದ್ದೇ. ಅಪಾಚೆಯೂ ಆಮೇಲೆ ಈ ಹದ ಕಲಿತಿದೆ.

ಕಲಿಯುವವರು ಮುಖ್ಯವಾಗಿ ಓದಬೇಕಾದದ್ದು ಲಾಗ್ ಕಡತ. ಯಾರು, ಯಾವಾಗ, ಏನು ಕೇಳಿದರು, ಏನು ಸಿಕ್ಕಿತು, ಎಲ್ಲ ಅಲ್ಲಿರುತ್ತದೆ. ಮನೆಯ ವೈಫೈನಲ್ಲಿರುವ ಮೊಬೈಲಿನಿಂದ ನನ್ನ ಪುಟ ತೆರೆದಾಗ ಎರಡು ಸಾಲು ಬಿದ್ದವು. ಮೊದಲನೆಯದು 200, ಪುಟ ತಲುಪಿತು. ಎರಡನೆಯದು 404. ನಾನು ಕೇಳದ ಫೆವಿಕಾನ್ ಎಂಬ ಪುಟ್ಟ ಚಿತ್ರವನ್ನು ಬ್ರೌಸರ್ ತಾನಾಗಿಯೇ ಕೇಳಿತ್ತು, ನಾನು ಇಟ್ಟಿರಲಿಲ್ಲ.

ಮನೆಯಾಚೆಗೆ ತೋರಿಸಲು ಸಾರ್ವಜನಿಕ ವಿಳಾಸ ಬೇಕು, ಬಾಡಿಗೆ ಸರ್ವರ್ ಹಿಡಿಯುವುದು ಸುಲಭ. ಸಂಪರ್ಕ ಸುರಕ್ಷಿತವಾಗಿರಲು ಬೇಕಾದ ಸರ್ಟಿಫಿಕೇಟನ್ನು ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಉಚಿತವಾಗಿ ಕೊಡುತ್ತದೆ. ಅದೆಲ್ಲ ಮುಗಿದ ರಾತ್ರಿ ಹರಿಹರದಲ್ಲಿರುವ ಸೋದರಮಾವನಿಗೆ ವಿಳಾಸ ಕಳಿಸಿ, ಲಾಗ್ ಮುಂದೆ ಕೂತೆ. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಹೊಸ ಸಾಲು ಮೇಲೆದ್ದಿತು: 200. ಹಿಂದೆಯೇ ಅವರ ಫೋನ್. 'ನಮ್ಮೂರ ಹೆಸರೂ ಹಾಕೋ,' ಅಂದರು.