ಅಣ್ಣನ ಕಣ್ಣಿನ ಪಾಪೆ

ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟ ಮೇಷ್ಟ್ರು ನಾನು. ಆದರೆ ನಮ್ಮ ಮನೆಗೆ ಬಂದ ಕಾಯಿಲೆಯನ್ನು ಮೊದಲು ಗುರುತಿಸಿದ್ದು ಏಳನೇ ತರಗತಿಯ ಮೊಮ್ಮಗಳು.

ನಮ್ಮೂರು ಶ್ರೀನಿವಾಸಪುರ, ಮಾವಿನ ಊರು. ದೊಡ್ಡ ಮೊಮ್ಮಗ ಡಿಪ್ಲೊಮಾ ಮುಗಿಸಿ ಮಾಲೂರಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ. ಯುಗಾದಿಗೆ ನಾಲ್ಕು ದಿನ ಇರುವಾಗ ಮುಳಬಾಗಿಲು ಕಡೆಯಿಂದ ಬೈಕಿನಲ್ಲಿ ಬರುತ್ತಾ ಬಿದ್ದು ತೊಡೆಮೂಳೆ ಮುರಿದುಕೊಂಡ. ಆಪರೇಷನ್ ಆಯಿತು, ರಾಡು ಹಾಕಿದರು, ನೋವಿಗೆ ಮಾತ್ರೆ ಬರೆದುಕೊಟ್ಟರು. ಅಂಥ ನೋವಿಗೆ ಆ ಮಾತ್ರೆ ಬೇಕೇ ಬೇಕಿತ್ತು. ಆದರೆ ಹತ್ತು ದಿನಕ್ಕೆ ಬರೆದದ್ದು ನಾಲ್ಕು ತಿಂಗಳು ನಡೆಯಿತು. ಮೊದಮೊದಲು ಹಳೇ ಚೀಟಿ ತೋರಿಸಿ ತರುತ್ತಿದ್ದ. ಆಮೇಲೆ ಚೀಟಿಯೂ ಬೇಕಾಗಲಿಲ್ಲ, ಯಾರೋ ಗೆಳೆಯ ತಂದುಕೊಡುತ್ತಿದ್ದ.

ಮಕ್ಕಳೇ, ಹಬ್ಬಕ್ಕೆ ಅಜ್ಜಿ ಗಸಗಸೆ ಪಾಯಸ ಮಾಡುತ್ತಾರಲ್ಲ, ಆ ಗಸಗಸೆ ಗಿಡದ ಎಳೇ ಕಾಯಿಯನ್ನು ಗೀರಿದರೆ ಹಾಲು ಒಸರುತ್ತದೆ. ಒಣಗಿದ ಆ ಹಾಲೇ ಅಫೀಮು. ಬೀಜದಲ್ಲಿ ಅಮಲು ಇಲ್ಲವೆನ್ನುವಷ್ಟು ಕಡಿಮೆ. ಪಾಯಸ ಕುಡಿದು ನಿದ್ದೆ ಬಂದರೆ ಅದು ಊಟದ ಭಾರ ಎಂದು ನನ್ನ ವಾದ, ನಮ್ಮ ಮನೆಯಾಕೆ ಒಪ್ಪುವುದಿಲ್ಲ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಸರ್ಕಾರದ ಪರವಾನಗಿ ಪಡೆದು ಈ ಗಿಡವನ್ನು ಅಫೀಮಿಗಾಗಿ ಬೆಳೆಯುತ್ತಾರೆ. ಅದರಿಂದ ತೆಗೆಯುವ ಮಾರ್ಫಿನ್ ಕ್ಯಾನ್ಸರ್ ರೋಗಿಗಳ ನೋವಿಗೆ ದೊಡ್ಡ ಔಷಧಿ. ಅದೇ ಬಗೆಯಲ್ಲಿ ಕೆಲಸ ಮಾಡುವ ಮಾತ್ರೆಗಳನ್ನು ಕಾರ್ಖಾನೆಗಳಲ್ಲೂ ತಯಾರಿಸುತ್ತಾರೆ. ಈ ಇಡೀ ಕುಲದ ಹೆಸರು ಓಪಿಯಾಯ್ಡ್.

ನೋವು ತಗ್ಗಿಸಲು ನಮ್ಮ ಮೆದುಳು ತಾನೇ ಒಂದಷ್ಟು ರಾಸಾಯನಿಕಗಳನ್ನು ತಯಾರಿಸುತ್ತದೆ. ಅವು ಕೂರಲು ಅಲ್ಲಿ ಜಾಗಗಳಿವೆ. ಈ ಮಾತ್ರೆ ಹೋಗಿ ಆ ಜಾಗದಲ್ಲಿ ಕೂರುತ್ತದೆ. ದಿನವೂ ಕೂತರೆ ಮೆದುಳು ಅದಕ್ಕೇ ಒಗ್ಗಿಹೋಗುತ್ತದೆ. ಒಂದು ಮಾತ್ರೆಗೆ ಇಳಿಯುತ್ತಿದ್ದ ನೋವಿಗೆ ಎರಡು ಬೇಕಾಗುತ್ತದೆ. ಆಮೇಲೆ ನೋವಿಲ್ಲದಿದ್ದರೂ ಬೇಕಾಗುತ್ತದೆ.

ನಮ್ಮ ಹುಡುಗ ಟಿ.ವಿ. ಮುಂದೆ ಕೂತಲ್ಲೇ ತೂಕಡಿಸುತ್ತಿದ್ದ. ಮೂಗು ಕೆರೆದುಕೊಳ್ಳುತ್ತಿದ್ದ. ಮಲಬದ್ಧತೆ ಎಂದು ಅವನ ಅಜ್ಜಿ ಬಾಳೆಹಣ್ಣು ತಿನ್ನಿಸಿದಳು, ಹರಳೆಣ್ಣೆ ಕೊಟ್ಟಳು. ಹಾಲಿನ ದುಡ್ಡಿನ ಡಬ್ಬಿಯಲ್ಲಿ ಲೆಕ್ಕ ತಪ್ಪುತ್ತಿತ್ತು. ನನಗೇ ಮರೆವು ಬಂತೆಂದುಕೊಂಡೆ. ಇನ್ನು ಕೆಲವು ದಿನ ಇದಕ್ಕೆ ತೀರಾ ವಿರುದ್ಧ. ಮೂಗು ಸೋರುವುದು, ಕಣ್ಣಲ್ಲಿ ನೀರು, ಆಕಳಿಕೆಯ ಮೇಲೆ ಆಕಳಿಕೆ, ಮೈಯೆಲ್ಲಾ ರೋಮಾಂಚನ, ಕಾಲು ಸೆಳೆತ, ಭೇದಿ, ರಾತ್ರಿಯೆಲ್ಲಾ ಹೊರಳಾಟ. ನೆಗಡಿ ಜ್ವರವೆಂದು ಮೆಣಸಿನ ಕಷಾಯ ಕಾಸಿಕೊಟ್ಟೆವು. ಅವನು ಕಷಾಯ ಬಿಟ್ಟು ಬೀದಿಗೆ ಹೋಗಿ ಬರುತ್ತಿದ್ದ, ಗಂಟೆಯೊಳಗೆ ಗುಣವಾಗುತ್ತಿದ್ದ.

“ಇದೆಂಥ ನೆಗಡಿ ತಾತಾ, ಬೀದಿಗೆ ಹೋಗಿ ಬಂದ್ರೆ ವಾಸಿಯಾಗುತ್ತೆ?” ಎಂದಳು ಮೊಮ್ಮಗಳು. ನಾನು ನಕ್ಕುಬಿಟ್ಟೆ.

ಒಂದು ಸಂಜೆ ಕರೆಂಟು ಹೋಯಿತು. ಮೇಣದಬತ್ತಿ ಹಚ್ಚಿ ಎಲ್ಲರೂ ನಡುಮನೆಯಲ್ಲಿ ಕೂತಿದ್ದೆವು. ಅವಳು ನನ್ನ ಕಿವಿಯ ಹತ್ತಿರ ಬಂದು, “ಕತ್ತಲಲ್ಲಿ ಕಣ್ಣಿನ ಪಾಪೆ ದೊಡ್ಡದಾಗುತ್ತೆ ಅಂತ ನೀನೇ ಹೇಳ್ಕೊಟ್ಟಿದ್ದೆ. ಅಣ್ಣಂದು ಸಾಸಿವೆಕಾಳಿನಷ್ಟೇ ಇದೆ, ನೋಡು” ಎಂದಳು. ನೋಡಿದೆ. ಹಾಗೇ ಇತ್ತು. ಆಮೇಲೆ ಅಳುತ್ತಾ ಉಳಿದದ್ದನ್ನೂ ಹೇಳಿದಳು. ಅವನ ಶೂ ಒಳಗೆ ಮಾತ್ರೆಯ ಖಾಲಿ ಪಟ್ಟಿಗಳನ್ನು ನೋಡಿದ್ದಳಂತೆ. ಯಾರಿಗೂ ಹೇಳಕೂಡದೆಂದು ಅಣ್ಣ ಆಣೆ ಹಾಕಿಸಿಕೊಂಡಿದ್ದ. ಹೇಳಿದರೆ ಚಾಡಿಯಾಗುತ್ತದೆ ಎಂದು ಎರಡು ವಾರ ಒಳಗೇ ಇಟ್ಟುಕೊಂಡಿದ್ದಳು. ಆ ಎರಡು ವಾರ ಅವಳು ಸರಿಯಾಗಿ ಊಟ ಮಾಡಿರಲಿಲ್ಲ, ಅದನ್ನೂ ನಾವ್ಯಾರೂ ಗಮನಿಸಿರಲಿಲ್ಲ.

ಮುಂದೆ ನಾನು ಮಾಡಿದ್ದನ್ನು ಬರೆಯಲು ನಾಚಿಕೆಯಾಗುತ್ತದೆ. ಅವನಿಗೆ ಎರಡೇಟು ಬಿಗಿದೆ, ಕೋಣೆಗೆ ತಳ್ಳಿ ಬೀಗ ಹಾಕಿದೆ. ಎರಡು ದಿನ ಹಲ್ಲು ಕಚ್ಚಿಕೊಂಡಿದ್ದರೆ ಚಟ ಬಿಡುತ್ತದೆ ಎಂಬುದು ನನ್ನ ಲೆಕ್ಕ. ಎರಡನೇ ರಾತ್ರಿ ವಾಂತಿ, ಭೇದಿ, ನಡುಕ. ಬೀಗ ತೆಗೆದವಳು ಅವನ ಅಜ್ಜಿ. ಕೋಲಾರಮ್ಮನಿಗೆ ಹರಕೆ ಕಟ್ಟಿಕೊಂಡಳು, ಬೆಳಗಾಗುತ್ತಲೇ ಪಕ್ಕದ ಬೀದಿಯ ಆಶಾ ಕಾರ್ಯಕರ್ತೆಯನ್ನೂ ಕರೆತಂದಳು. ಆಕೆ ತನ್ನ ಫೋನಿನಿಂದಲೇ 14416ಕ್ಕೆ ಮಾಡಿಕೊಟ್ಟರು. ಅದು ಟೆಲಿಮಾನಸ್, 2022ರ ಅಕ್ಟೋಬರಿನಲ್ಲಿ ಶುರುವಾದ ಸರ್ಕಾರದ ಉಚಿತ ಸಹಾಯವಾಣಿ. ಕನ್ನಡದಲ್ಲೇ ಮಾತಾಡಿದರು. ಬೈಯಲಿಲ್ಲ. ನೀರು, ಉಪ್ಪು ಸಕ್ಕರೆ ಪಾನಕ ಕುಡಿಸುತ್ತಿರಿ, ಇವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ ಎಂದರು. ಮಾದಕ ವ್ಯಸನಕ್ಕೆಂದೇ 14446 ಎಂಬ ಇನ್ನೊಂದು ಸಂಖ್ಯೆಯೂ ಇದೆ.

ಪೊಲೀಸರ ಭಯ ನನಗೆ ಬಹಳವಿತ್ತು. ಆಮೇಲೆ ತಿಳಿಯಿತು, 1985ರ ಮಾದಕ ವಸ್ತು ಕಾಯ್ದೆಯಲ್ಲಿ 64ಎ ಎಂಬ ಕಲಮೇ ಇದೆ. ಸೇವನೆಯ ಆರೋಪವಿರುವ ವ್ಯಸನಿ ತಾನಾಗಿ ಚಿಕಿತ್ಸೆಗೆ ಬಂದರೆ ಆ ಆರೋಪದ ವಿಚಾರಣೆಯಿಂದ ರಕ್ಷಣೆ ಕೊಡುವ ಕಲಮು ಅದು.

ಕೋಲಾರದ ಜಿಲ್ಲಾ ಆಸ್ಪತ್ರೆಗೆ ಹೋದೆವು. ಮನೋವೈದ್ಯರು ನಮ್ಮನ್ನೆಲ್ಲ ಆಚೆ ಕೂರಿಸಿ ಮೊದಲು ಅವನ ಜೊತೆ ಮಾತಾಡಿದರು. ಯಾವ ಮಾತ್ರೆ, ದಿನಕ್ಕೆ ಎಷ್ಟು, ಕೊನೆಯದು ಯಾವಾಗ ಎಂಬುದೇ ಅವರ ಪ್ರಶ್ನೆಗಳು. ಆಮೇಲೆ ನನ್ನ ಬೀಗದ ಕಥೆ ಕೇಳಿ ಒಂದು ಮಾತು ಹೇಳಿದರು. ಕೆಲವು ದಿನ ಬಿಟ್ಟ ಮೇಲೆ ಮೈಗೆ ಹಳೆಯ ತಾಳಿಕೆ ಇರುವುದಿಲ್ಲ. ಆಗ ತಪ್ಪಿಸಿಕೊಂಡು ಹೋಗಿ ಹಿಂದಿನಷ್ಟೇ ನುಂಗಿದರೆ ಉಸಿರೇ ನಿಲ್ಲಬಹುದು. ಎಬ್ಬಿಸಿದರೂ ಏಳದೆ, ಉಸಿರು ನಿಧಾನವಾಗಿ, ತುಟಿ ನೀಲಿಯಾದರೆ ಒಂದು ಪಕ್ಕಕ್ಕೆ ಮಲಗಿಸಿ ತಕ್ಷಣ 108ಕ್ಕೆ ಫೋನು ಮಾಡಬೇಕಂತೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನಡುವೆ ನೆಂಟರೊಬ್ಬರು, “ಮೂರು ತಿಂಗಳು ಬಿಟ್ಟುಬಿಡಿ, ಸರಿಮಾಡಿ ಕಳಿಸ್ತಾರೆ” ಎಂದು ಒಂದು ಖಾಸಗಿ ಕೇಂದ್ರದ ವಿಳಾಸ ಕೊಟ್ಟರು. ನಾನೂ ಮಗನೂ ನೋಡಿಬರಲು ಹೋದೆವು. ಡಾಕ್ಟರು ಯಾರೆಂದರೆ ಉತ್ತರವಿಲ್ಲ. ಒಳಗೊಬ್ಬ ಹುಡುಗನ ಕಾಲಿಗೆ ಸರಪಳಿ. ಚಹಾ ಕುಡಿಯದೆ ವಾಪಸು ಬಂದೆವು. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ರೋಗಿಗೆ ಯಾವ ರೀತಿಯಲ್ಲೂ ಸರಪಳಿ ಹಾಕುವಂತಿಲ್ಲ, ಇಂಥ ಕೇಂದ್ರಗಳು ನೋಂದಣಿ ಮಾಡಿಸಿರಲೇಬೇಕು. ಸೇರಿಸುವ ಮೊದಲು ನೋಂದಣಿ ಪತ್ರ ತೋರಿಸಿ ಎಂದು ಕೇಳಿ.

ಕೊನೆಗೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋದೆವು. ಕೋಲಾರದಿಂದ ಸುಮಾರು 70 ಕಿ.ಮೀ. ಅಲ್ಲಿ ವ್ಯಸನಕ್ಕೆಂದೇ ಪ್ರತ್ಯೇಕ ಕೇಂದ್ರವಿದೆ. ನಾಲಿಗೆಯ ಕೆಳಗೆ ಇಟ್ಟುಕೊಳ್ಳುವ ಬ್ಯುಪ್ರಿನಾರ್ಫಿನ್ ಮಾತ್ರೆ ಕೊಟ್ಟರು. ಅದೂ ಓಪಿಯಾಯ್ಡ್ ಕುಲದ್ದೇ ಎಂದು ತಿಳಿದು ನನಗೆ ಸಿಟ್ಟು ಬಂತು. “ಒಂದು ಬಿಡಿಸಿ ಇನ್ನೊಂದು ಹಿಡಿಸ್ತೀರಾ?” ಎಂದೆ. ಕಿರಿಯ ಡಾಕ್ಟರಮ್ಮ ತಾಳ್ಮೆಯಿಂದ ವಿವರಿಸಿದರು. ಇದು ಮೆದುಳಿನ ಅದೇ ಜಾಗದಲ್ಲಿ ಕೂರುತ್ತದೆ, ಆದರೆ ಮೆಲ್ಲಗೆ, ಬಹಳ ಹೊತ್ತು. ಏರಿಳಿತವಿಲ್ಲ, ಒದ್ದಾಟವಿಲ್ಲ, ಹುಡುಗ ಕೆಲಸಕ್ಕೆ ಹೋಗಬಹುದು. ಕೆಲವರಿಗೆ ತಿಂಗಳುಗಟ್ಟಲೆ ಬೇಕು, ಕೆಲವರಿಗೆ ವರ್ಷಗಟ್ಟಲೆ. ಸಕ್ಕರೆ ಕಾಯಿಲೆಗೆ ನಾನು ದಿನಾ ಮಾತ್ರೆ ನುಂಗುವುದಿಲ್ಲವೇ ಎಂದು ಕೇಳಿದರು. ಹೇಗೆ ಗೊತ್ತಾಯಿತೋ! ಕಾಲುನೋವಿಗೆ ಬೇರೆ ಔಷಧಿ, ವ್ಯಾಯಾಮ. ಮನೆಯವರಿಗೂ ಆಪ್ತ ಸಲಹೆ. ಬೈದದ್ದಕ್ಕೆ ನಾನು ಅಲ್ಲಿ ಮೊಮ್ಮಗನ ಕ್ಷಮೆ ಕೇಳಿದೆ.

2019ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಸಮೀಕ್ಷೆಯಂತೆ ದೇಶದಲ್ಲಿ ಸುಮಾರು 77 ಲಕ್ಷ ಜನರಿಗೆ ಓಪಿಯಾಯ್ಡ್ ತೊಂದರೆಗೆ ಸಹಾಯ ಬೇಕಾಗಿತ್ತು. ಅವರ ಮನೆಗಳಲ್ಲೂ ಕಷಾಯ ಕಾಸುವ ಅಜ್ಜಿಯರಿದ್ದಾರು. ಬೆಂಗಳೂರು ದೂರವೆನ್ನುವವರು ತಾಲ್ಲೂಕು ಆಸ್ಪತ್ರೆಯಲ್ಲೇ ವಿಚಾರಿಸಿ. ‘ಮನೋಚೈತನ್ಯ’ ಎಂಬ ಕಾರ್ಯಕ್ರಮದಲ್ಲಿ ಮಂಗಳವಾರ ಮನೋವೈದ್ಯರ ಸೇವೆ ಸಿಗುತ್ತದೆ. ಮನೆಯಲ್ಲಿ ಉಳಿದ ನೋವಿನ ಮಾತ್ರೆಗಳನ್ನು ಎಣಿಸಿ, ಬೀಗ ಹಾಕಿ ಇಡಿ. ನನ್ನ ಬೀಗ ಈಗ ಆ ಕೆಲಸಕ್ಕಿದೆ.

ಈ ಮಾವಿನ ಕಾಲದಲ್ಲಿ ಒಮ್ಮೆ ಜಾರಿದ. ಹಳೇ ಗೆಳೆಯ ಮಂಡಿಯ ಹತ್ತಿರ ಸಿಕ್ಕಿದ್ದನಂತೆ. ಆದರೆ ರಾತ್ರಿ ತಾನೇ ಬಂದು, “ತಾತಾ, ನಾಳೆ ಆಸ್ಪತ್ರೆಗೆ ಹೋಗೋಣ” ಎಂದ. ಹೋದೆವು. ಡಾಕ್ಟರು ಮುಖ ಸಿಂಡರಿಸಲಿಲ್ಲ. ಇದೂ ಕಾಯಿಲೆಯ ಒಂದು ಭಾಗ, ಬಂದದ್ದು ಒಳ್ಳೆಯದಾಯಿತು ಎಂದರು.

ಇದನ್ನು ಬರೆಯಲೇ ಎಂದು ಅವನನ್ನೇ ಕೇಳಿದೆ. “ಬರಿ, ಹೆಸರು ಮಾತ್ರ ಹಾಕಬೇಡ” ಎಂದ. ಈಗ ಮತ್ತೆ ಮಾಲೂರಿಗೆ ಕೆಲಸಕ್ಕೆ ಹೋಗುತ್ತಾನೆ. ಸಂಜೆ ಬಂದವನೇ ತಂಗಿಯ ಮುಂದೆ ಮಂಡಿಯೂರಿ, ಎರಡೂ ಕಣ್ಣು ಅಗಲಿಸಿ ತೋರಿಸುತ್ತಾನೆ. ಅವಳು ಟಾರ್ಚು ಹಿಡಿದು ನೋಡಿ, “ಪಾಸು” ಎನ್ನುತ್ತಾಳೆ.